ಟೆಸ್ಲಾ ಕಾಯಿಲ್‌ನ ಪ್ರೈಮರಿ: ಎಂಟು ಪಟ್ಟಿ, ಹದಿಮೂರು ಸುತ್ತು, ಒಂದು ರೋಲ್ ತಾಮ್ರದ ಪೈಪು

ಟೆಸ್ಲಾ ಕಾಯಿಲ್ ಅಂದರೆ ಎರಡು ಸುರುಳಿಯಿಂದ ಹೈ ವೋಲ್ಟೇಜ್ ಎಬ್ಬಿಸಿ ಗಾಳಿಯಲ್ಲಿ ಮಿಂಚು ಹಾರಿಸುವ ಸಾಧನ. ಕೆಳಗಿನ ಸುರುಳಿ ಪ್ರೈಮರಿ, ಅದರ ನಡುವೆ ನಿಲ್ಲುವ ಎತ್ತರದ ಸುರುಳಿ ಸೆಕೆಂಡರಿ. ಇದನ್ನು ಮಾಡಲು ಹೊರಟವರು ಮೊದಲು ಕೈ ಹಾಕುವುದು ಸೆಕೆಂಡರಿಗೆ. ಪಿವಿಸಿ ಪೈಪಿನ ಮೇಲೆ ಸಾವಿರಕ್ಕೂ ಜಾಸ್ತಿ ಸುತ್ತು ಎನಾಮಲ್ ತಂತಿ ಕೂರಿಸುವುದು ನೋಡಲೂ ಚೆಂದ, ನಾಲ್ಕು ಜನಕ್ಕೆ ತೋರಿಸಲೂ ಚೆಂದ. ಪ್ರೈಮರಿಯ ಸರದಿ ಬರುವ ಹೊತ್ತಿಗೆ ತಾಳ್ಮೆ ಮುಗಿದಿರುತ್ತದೆ. ಹತ್ತು ಸುತ್ತು ಪೈಪು ತಾನೇ ಅಂತ ನಾಲ್ಕು ಮರದ ತುಂಡಿನ ಮೇಲೆ ಕೇಬಲ್ ಟೈ ಹಾಕಿ ಬಿಗಿದುಬಿಡುತ್ತಾರೆ. ಆಮೇಲೆ ಸುತ್ತುಗಳು ಒಂದರ ಕಡೆಗೊಂದು ವಾಲುತ್ತವೆ. ಎಷ್ಟು ಸುತ್ತು ಬಳಕೆಗೆ ಬೇಕು ಅಂತ ಆರಿಸುವ ಟ್ಯಾಪ್ ಕ್ಲಿಪ್ ಕೂರಲು ಜಾಗ ಸಿಗುವುದಿಲ್ಲ. ಟ್ಯೂನಿಂಗ್, ಅಂದರೆ ಎರಡೂ ಸುರುಳಿಯನ್ನು ಒಂದೇ ಫ್ರೀಕ್ವೆನ್ಸಿಗೆ ತರುವುದು, ಒಂದೊಂದು ದಿನ ಒಂದೊಂದು ಥರ.

ಹಾಗಾಗಿ ಈ ಬರಹ ಪ್ರೈಮರಿ ಮತ್ತು ಅದನ್ನು ಹೊರುವ ಪಟ್ಟಿಗಳ ಬಗ್ಗೆ ಮಾತ್ರ. ಅದರಲ್ಲೂ ಜಾಸ್ತಿ ಮಾತು ಪಟ್ಟಿಗಳದ್ದೇ. ಪೈಪು ಕೂರಲು ಪಟ್ಟಿಯಲ್ಲಿ ಕೊರೆದ ಕಚ್ಚುಗಳು ಸರಿಯಾದ ಜಾಗದಲ್ಲಿದ್ದರೆ ಪೈಪು ತಾನಾಗಿಯೇ ಸುರುಳಿಯಾಗುತ್ತದೆ. ಕಚ್ಚು ತಪ್ಪಿದರೆ ಎಂಥ ಒಳ್ಳೆ ಪೈಪು ತಂದರೂ ಅಷ್ಟೇ.

ನಮ್ಮ ಕೋಲಾರ ಜಿಲ್ಲೆಗೆ ಹೈ ವೋಲ್ಟೇಜ್ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೆಜಿಎಫ್‌ನ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೇಲೆ, 1905ರಲ್ಲಿ. ಕೆಜಿಎಫ್‌ನಲ್ಲಿ ಬೆಮೆಲ್ ಇರುವುದರಿಂದ ಲೇತು, ಡ್ರಿಲ್ಲಿಂಗ್ ಬಲ್ಲ ಕೈಗಳಿಗೂ ಇಲ್ಲಿ ಬರವಿಲ್ಲ. ರಾಬರ್ಟ್‌ಸನ್‌ಪೇಟೆಯಲ್ಲೋ ಕೋಲಾರದಲ್ಲೋ ಪರಿಚಯದ ವರ್ಕ್‌ಶಾಪ್ ಒಂದಿದ್ದರೆ ಈ ಕೆಲಸದ ಅರ್ಧ ಕಷ್ಟ ಕಡಿಮೆ.

ಮೊದಲು ಜೀವದ ಮಾತು

ಟೆಸ್ಲಾ ಕಾಯಿಲ್‌ನಲ್ಲಿ ಎಲ್ಲರೂ ಹೆದರುವುದು ಮೇಲಿನ ಮಿಂಚಿಗೆ. ಪ್ರಾಣ ತೆಗೆಯುವ ಭಾಗ ಇರುವುದು ಕೆಳಗೆ. ನಿಯಾನ್ ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಬ್ಯಾಂಕ್, ಸ್ಪಾರ್ಕ್ ಗ್ಯಾಪ್ (ಕಿಡಿ ಹಾರಲು ಬಿಟ್ಟ ಸಂದು), ಪ್ರೈಮರಿ ಎಲ್ಲ ಒಂದೇ ಸರ್ಕ್ಯೂಟ್. ಚಾಲೂ ಇದ್ದಾಗ ಪ್ರೈಮರಿಯ ತಾಮ್ರವನ್ನು ಮುಟ್ಟಿದರೆ ಎರಡನೇ ಅವಕಾಶ ಇರುವುದಿಲ್ಲ. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ಪ್ರತಿ ಕೆಪಾಸಿಟರ್‌ಗೂ ಆ ಚಾರ್ಜ್ ಇಳಿಸುವ ಬ್ಲೀಡರ್ ರೆಸಿಸ್ಟರ್ ಇರಲಿ. ಆದರೂ ಅದನ್ನು ನಂಬಿ ಕೈ ಹಾಕಬೇಡಿ. ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಹಾಗೆ ಇಡಿ. ಉದ್ದ ಪ್ಲಾಸ್ಟಿಕ್ ಕೋಲಿಗೆ ಅರ್ತ್ ತಂತಿ ಕಟ್ಟಿ ಕೆಪಾಸಿಟರ್‌ನ ಎರಡೂ ತುದಿ ಶಾರ್ಟ್ ಮಾಡಿ. ಆಮೇಲೆ ಮುಟ್ಟಿ. ಟ್ಯಾಪ್ ಬದಲಿಸುವಾಗ ಪ್ರತಿ ಸಲವೂ ಇದೇ ಕ್ರಮ.

ಒಬ್ಬರೇ ಇರುವಾಗ ಚಾಲೂ ಮಾಡುವುದು ಬೇಡ. ಪೇಸ್‌ಮೇಕರ್ ಇರುವವರು ಆ ಜಾಗದ ಹತ್ತಿರವೂ ಬರಬಾರದು. ಮೇನ್ಸ್ ವೈರಿಂಗ್ ಗೊತ್ತಿಲ್ಲದ ಹುಡುಗರು ಗೊತ್ತಿರುವ ಹಿರಿಯರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡಬೇಕು.

ಎಷ್ಟು ಸುತ್ತು ಬೇಕು?

ಲೆಕ್ಕ ಸೆಕೆಂಡರಿಯಿಂದ ಶುರುವಾಗುತ್ತದೆ. ಅಂಗಡಿಯಲ್ಲಿ ಸಿಗುವ 110 ಮಿ.ಮೀ. ಪಿವಿಸಿ ಪೈಪು, ಅದರ ಮೇಲೆ 50 ಸೆಂ.ಮೀ. ಉದ್ದಕ್ಕೆ 28 ಗೇಜ್ ತಂತಿ ಅಂತ ಇಟ್ಟುಕೊಳ್ಳೋಣ. ಸುಮಾರು 1,190 ಸುತ್ತು ಹಿಡಿಸುತ್ತದೆ. ಇಂಡಕ್ಟನ್ಸ್ 31 ಮಿಲಿಹೆನ್ರಿಯ ಆಸುಪಾಸು. ತಲೆ ಮೇಲೆ 33 ಸೆಂ.ಮೀ. ಅಗಲ, 10 ಸೆಂ.ಮೀ. ದಪ್ಪದ ಟೊರಾಯ್ಡ್ (ದಪ್ಪ ಬಳೆಯಾಕಾರದ ಲೋಹದ ತಲೆ) ಇಟ್ಟರೆ ಅದರ ಮತ್ತು ಸುರುಳಿಯ ಸ್ವಂತ ಕೆಪಾಸಿಟೆನ್ಸ್ ಸೇರಿ ಸುಮಾರು 22 ಪಿಕೊಫ್ಯಾರಡ್. ರೆಸೊನೆನ್ಸ್, ಅಂದರೆ ಸುರುಳಿ ತಾನಾಗಿ ಮಿಡಿಯುವ ಫ್ರೀಕ್ವೆನ್ಸಿ, 193 ಕಿಲೊಹರ್ಟ್ಸ್ ಹತ್ತಿರ ಬೀಳುತ್ತದೆ.

ಪ್ರೈಮರಿ ಕಡೆಯೂ ಇದೇ ಫ್ರೀಕ್ವೆನ್ಸಿಗೆ ಬರಬೇಕು. ಟ್ರಾನ್ಸ್‌ಫಾರ್ಮರ್ 9,000 ವೋಲ್ಟ್, 30 ಮಿಲಿಆಂಪ್ ಇದ್ದರೆ ನಮ್ಮ 50 ಹರ್ಟ್ಸ್‌ಗೆ ಅದರ ರೆಸೊನೆಂಟ್ ಕೆಪಾಸಿಟರ್ 10.6 ನ್ಯಾನೊಫ್ಯಾರಡ್. ಸ್ಥಿರ ಸ್ಪಾರ್ಕ್ ಗ್ಯಾಪ್ ಬಳಸುವಾಗ ಅದರ ಒಂದೂವರೆ ಪಟ್ಟು, ಅಂದರೆ 16 ನ್ಯಾನೊಫ್ಯಾರಡ್ ಇಡುವುದು ವಾಡಿಕೆ. ಹೀಗೆ ಮಾಡಿದರೆ ಟ್ರಾನ್ಸ್‌ಫಾರ್ಮರ್ ರೆಸೊನೆನ್ಸ್‌ಗೆ ಸಿಕ್ಕಿ ಸುಟ್ಟುಹೋಗುವ ಭಯ ಕಡಿಮೆ. 16 ನ್ಯಾನೊಫ್ಯಾರಡ್ ಜೊತೆ 193 ಕಿಲೊಹರ್ಟ್ಸ್ ಬರಬೇಕಾದರೆ ಪ್ರೈಮರಿ ಇಂಡಕ್ಟನ್ಸ್ ಸುಮಾರು 42.5 ಮೈಕ್ರೊಹೆನ್ರಿ ಇರಬೇಕು.

ಟ್ರಾನ್ಸ್‌ಫಾರ್ಮರ್ ಮಾತ್ರ ಹಳೆ ಕಾಲದ ಕಬ್ಬಿಣದ ಕೋರ್‌ನದ್ದೇ ಆಗಬೇಕು. ಹಗುರ ಎಲೆಕ್ಟ್ರಾನಿಕ್ ಮಾದರಿ ಈ ಕೆಲಸಕ್ಕೆ ಆಗುವುದಿಲ್ಲ. ಎಲ್‌ಇಡಿ ಬಂದ ಮೇಲೆ ಹಳೆ ನಿಯಾನ್ ಬೋರ್ಡ್‌ಗಳು ಗುಜರಿ ಸೇರಿವೆ, ಅಲ್ಲಿ ವಿಚಾರಿಸಿ.

ಚಪ್ಪಟೆ ಸುರುಳಿಯ ಇಂಡಕ್ಟನ್ಸ್‌ಗೆ ವೀಲರ್ ಸೂತ್ರ ಸಾಕು. ಸುತ್ತುಗಳ ಸಂಖ್ಯೆಯ ವರ್ಗವನ್ನು ಸರಾಸರಿ ತ್ರಿಜ್ಯದ ವರ್ಗದಿಂದ ಗುಣಿಸಿ. ಸರಾಸರಿ ತ್ರಿಜ್ಯದ 20 ಪಟ್ಟಿಗೆ ಸುರುಳಿಯ ಅಗಲದ 28 ಪಟ್ಟು ಕೂಡಿ, ಬಂದದ್ದರಿಂದ ಭಾಗಿಸಿ. ಅಳತೆ ಸೆಂಟಿಮೀಟರ್‌ನಲ್ಲಿದ್ದರೆ ಉತ್ತರ ಮೈಕ್ರೊಹೆನ್ರಿಯಲ್ಲಿ ಬರುತ್ತದೆ. ಸುರುಳಿಯ ಅಗಲ ಅಂದರೆ ಒಳಗಿನ ಸುತ್ತಿನಿಂದ ಹೊರಗಿನ ಸುತ್ತಿನವರೆಗಿನ ದೂರ.

ಕೇಂದ್ರದಿಂದ 9 ಸೆಂ.ಮೀ. ದೂರದಲ್ಲಿ ಶುರು ಮಾಡಿ, ಸುತ್ತಿಗೆ 12 ಮಿ.ಮೀ. ಬಿಟ್ಟುಕೊಂಡು ಹೋದರೆ 10 ಸುತ್ತಿಗೆ 35, 11ಕ್ಕೆ 43, 12ಕ್ಕೆ 52, 13ಕ್ಕೆ 62 ಮೈಕ್ರೊಹೆನ್ರಿ. ನಮಗೆ ಬೇಕಾದದ್ದು ಹನ್ನೊಂದನೇ ಸುತ್ತಿಗೆ ಇನ್ನೇನು ಮುಟ್ಟುವ ಮುಂಚೆ ಸಿಕ್ಕಿತು. ಆದರೂ 13 ಸುತ್ತು ಮಾಡಿ. ಮಿಂಚು ಹೊರಟ ಮೇಲೆ ಆ ಮಿಂಚೇ ಸೆಕೆಂಡರಿಗೆ ಕೆಪಾಸಿಟೆನ್ಸ್ ಸೇರಿಸಿ ಫ್ರೀಕ್ವೆನ್ಸಿ ಇಳಿಸುತ್ತದೆ. ಆಗ ಟ್ಯಾಪ್ ಅರ್ಧ ಸುತ್ತೋ ಒಂದು ಸುತ್ತೋ ಹೊರಕ್ಕೆ ಹೋಗಬೇಕಾಗುತ್ತದೆ. ನಾಳೆ ದೊಡ್ಡ ಟೊರಾಯ್ಡ್ ಇಡುವ ಆಸೆ ಬಂದರೂ ಜಾಗ ಇರುತ್ತದೆ. ಅದಕ್ಕಿಂತ ಜಾಸ್ತಿ ಬೇಡ. ಬಳಸದ ಹೊರ ಸುತ್ತುಗಳಲ್ಲೂ ವೋಲ್ಟೇಜ್ ಏರುತ್ತದೆ, ಅಲ್ಲಿಂದ ಕಿಡಿ ಹಾರುವ ಸಾಧ್ಯತೆ ಇದೆ.

ಸುರುಳಿ ಚಪ್ಪಟೆಯೇ ಯಾಕೆ? ಡಬ್ಬಿಯ ಥರ ಮೇಲಕ್ಕೆ ಸುತ್ತಿದರೆ ಸೆಕೆಂಡರಿ ಜೊತೆ ಕಪ್ಲಿಂಗ್ (ಎರಡು ಸುರುಳಿಯ ನಡುವಿನ ಕಾಂತೀಯ ಬೆಸುಗೆ) ಜಾಸ್ತಿಯಾಗುತ್ತದೆ, ಈ ಅಳತೆಯ ಕಾಯಿಲ್‌ಗೆ ಅದು ತೊಂದರೆ. ಬೋಗುಣಿಯ ಆಕಾರ ನೋಡಲು ಚೆನ್ನಾಗಿದೆ, ಪಟ್ಟಿ ಕೊರೆಯುವುದು ಕಷ್ಟ. ಸೊಳ್ಳೆ ಬತ್ತಿಯ ಹಾಗೆ ಚಪ್ಪಟೆ ಸುತ್ತಿದರೆ ಮಿಂಚಿನ ತುದಿಯಿಂದ ಪ್ರೈಮರಿ ದೂರವೂ ಇರುತ್ತದೆ. ಮೊದಲ ಕಾಯಿಲ್‌ಗೆ ಬೇರೆ ಯೋಚನೆಯೇ ಬೇಡ.

ಪೈಪು

ಫ್ರಿಜ್, ಎಸಿ ರಿಪೇರಿಯವರು ಬಳಸುವ ಕಾಲು ಇಂಚಿನ ಮೆದು ತಾಮ್ರದ ಪೈಪು. ಬಡಗಿ ಲೆಕ್ಕದಲ್ಲಿ ಎರಡು ನೂಲು. 50 ಅಡಿ ಅಥವಾ 15 ಮೀಟರ್ ರೋಲ್ ಆಗಿ ಬರುತ್ತದೆ. ನಮ್ಮ 13 ಸುತ್ತಿಗೆ 13.7 ಮೀಟರ್ ಹೋಗುತ್ತದೆ, ಕೆಳಗಿಳಿಸುವ ತುದಿಗೆ ಒಂದಿಷ್ಟು. ಒಂದು ರೋಲ್‌ನಲ್ಲಿ ಜಂಟಿ ಇಲ್ಲದೆ ಮುಗಿಯುತ್ತದೆ. ಉಳಿಯುವ ತುಂಡು ಸ್ಟ್ರೈಕ್ ರಿಂಗ್‌ಗೆ (ಪ್ರೈಮರಿಗೆ ಮಿಂಚು ಬಡಿಯದಂತೆ ತಡೆಯುವ ಬಳೆ) ಸಾಲುವುದಿಲ್ಲ, ಎರಡು ಮೀಟರ್ ಬೇರೆ ತನ್ನಿ. ಕೆಲವು ಅಂಗಡಿಯಲ್ಲಿ ತೂಕದ ಮೇಲೆ ಕೊಡುತ್ತಾರೆ. 0.7 ಮಿ.ಮೀ. ಗೋಡೆಯ 15 ಮೀಟರ್ ಪೈಪು ಸುಮಾರು 1.7 ಕೆಜಿ ತೂಗಬೇಕು. ತುಂಬಾ ಕಡಿಮೆ ತೂಗಿದರೆ ಗೋಡೆ ತೆಳು ಅಥವಾ ಉದ್ದ ಕಡಿಮೆ.

ಟೊಳ್ಳು ಪೈಪು ಇಷ್ಟು ಕರೆಂಟು ತಡೆಯುತ್ತಾ ಅಂತ ಅನುಮಾನ ಬರುತ್ತದೆ, ಅಲ್ವಾ? ನ್ಯಾಯವೇ. 16 ನ್ಯಾನೊಫ್ಯಾರಡ್ ಕೆಪಾಸಿಟರ್ 12,700 ವೋಲ್ಟ್‌ವರೆಗೆ ತುಂಬಿ ಈ ಸುರುಳಿಯಲ್ಲಿ ಖಾಲಿಯಾಗುವಾಗ ಒಂದು ಕ್ಷಣಕ್ಕೆ 250 ಆಂಪ್ ಹತ್ತಿರ ಹರಿಯುತ್ತದೆ. ಆದರೆ 193 ಕಿಲೊಹರ್ಟ್ಸ್‌ನಲ್ಲಿ ಕರೆಂಟು ತಾಮ್ರದ ಮೇಲ್ಮೈಯಿಂದ 0.15 ಮಿ.ಮೀ. ಆಸುಪಾಸಿನ ಪದರದಲ್ಲೇ ಓಡುತ್ತದೆ. ನಡುವೆ ಗಟ್ಟಿ ತಾಮ್ರ ತುಂಬಿದರೂ ಅದು ಸುಮ್ನೆ ಕೂತಿರುತ್ತದೆ. ಬೇಕಾದದ್ದು ಮೇಲ್ಮೈ. ಅದು ಪೈಪಿನಲ್ಲಿ ಧಾರಾಳವಾಗಿದೆ.

ಬೆಂಗಳೂರಿನ ಎಸ್‌ಪಿ ರೋಡ್ ಕಡೆಯಿಂದ ತರುವವರು ರೋಲ್ ಅನ್ನು ರಟ್ಟಿನ ಡಬ್ಬಿಯಲ್ಲೇ ಮಲಗಿಸಿ ತನ್ನಿ. ಸಂಜೆಯ ಮಾರಿಕುಪ್ಪಂ ರೈಲಿನ ರಶ್‌ನಲ್ಲಿ ಭುಜಕ್ಕೆ ನೇತುಹಾಕಿಕೊಂಡು ಬಂದರೆ ಬಂಗಾರಪೇಟೆ ಮುಟ್ಟುವಷ್ಟರಲ್ಲಿ ಎಲ್ಲೋ ಒಂದು ಕಡೆ ಸೊಟ್ಟಗಾಗಿರುತ್ತದೆ. ಮೆದು ತಾಮ್ರ ಒಮ್ಮೆ ಬಗ್ಗಿದರೆ ಆ ಜಾಗ ಗಡುಸಾಗುತ್ತದೆ. ತಿರುಗಿ ನೇರ ಮಾಡಲು ಹೋದರೆ ಇನ್ನೂ ಗಡುಸಾಗುತ್ತದೆ. ಹಾಗೆ ಗಡುಸಾದ ಜಾಗ ಗುಂಡಗೆ ಬರುವುದಿಲ್ಲ.

ಪಟ್ಟಿಗಳು

ಪಟ್ಟಿಗೆ ನನ್ನ ಆಯ್ಕೆ ಬಿಳಿ ಪಾಲಿಎಥಿಲಿನ್. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ದಪ್ಪ ಬಿಳಿ ಬೋರ್ಡ್ ಇದೆಯಲ್ಲ, ಅದೇ. 12 ಮಿ.ಮೀ. ದಪ್ಪದ್ದು ಸಿಕ್ಕರೆ ಒಳ್ಳೆಯದು. ಮಧ್ಯಮ ಅಳತೆಯ ಎರಡು ಬೋರ್ಡ್ ಬೇಕಾಗಬಹುದು. ಇದು ನೀರು ಹೀರುವುದಿಲ್ಲ, ಒಳ್ಳೆಯ ಇನ್ಸುಲೇಟರ್, ಸ್ವಲ್ಪ ಬಳುಕುತ್ತದೆ. ಆ ಬಳುಕು ನಮಗೆ ಬೇಕು, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಪಾಲಿಕಾರ್ಬೊನೇಟ್ ಕೂಡ ಆಗುತ್ತದೆ. ಅಕ್ರಿಲಿಕ್ ಅಂದವಾಗಿ ಕಾಣುತ್ತದೆ, ಆದರೆ ಕಚ್ಚಿನ ಅಂಚಿನಲ್ಲಿ ಬಿರುಕು ಬಿಡುತ್ತದೆ. ಎಂಡಿಎಫ್ ಬೇಡವೇ ಬೇಡ. ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಕಿಡಿ ಅದರ ಮೇಲೆ ದಾರಿ ಮಾಡಿಕೊಳ್ಳುತ್ತದೆ. ಕಪ್ಪು ಪ್ಲಾಸ್ಟಿಕ್ ಕೂಡ ಬೇಡ. ಅದಕ್ಕೆ ಬಣ್ಣ ಕೊಡಲು ಹೆಚ್ಚಾಗಿ ಹಾಕುವುದು ಕಾರ್ಬನ್.

ಒಟ್ಟು ಎಂಟು ಪಟ್ಟಿ. ಒಂದೊಂದೂ 220 ಮಿ.ಮೀ. ಉದ್ದ, 45 ಮಿ.ಮೀ. ಎತ್ತರ. ನಾಲ್ಕು ಪಟ್ಟಿಯಲ್ಲೂ ಕೆಲಸ ಆಗುತ್ತದೆ ಅನ್ನುವವರಿದ್ದಾರೆ. ಹೊರಗಿನ ಸುತ್ತಿನಲ್ಲಿ ಪಟ್ಟಿಯಿಂದ ಪಟ್ಟಿಗೆ ಒಂದು ಅಡಿಗೂ ಜಾಸ್ತಿ ಅಂತರ ಬಂದು ಪೈಪು ಮೂಲೆ ಮೂಲೆಯಾಗಿ ಕಾಣತೊಡಗುತ್ತದೆ. ಎಂಟಿದ್ದರೆ ಆ ಅಂತರ 20 ಸೆಂ.ಮೀ. ಒಳಗೇ ಉಳಿಯುತ್ತದೆ.

ಈಗ ಸುರುಳಿಯ ಗುಟ್ಟು. ಒಂದು ಪೂರ್ತಿ ಸುತ್ತಿಗೆ ಪೈಪು 12 ಮಿ.ಮೀ. ಹೊರಕ್ಕೆ ಸರಿಯಬೇಕು. ಪಟ್ಟಿಗಳು ಎಂಟು. ಹಾಗಾದರೆ ಒಂದು ಪಟ್ಟಿಯಿಂದ ಮುಂದಿನದಕ್ಕೆ 1.5 ಮಿ.ಮೀ. ಸರಿತ. ಒಂದನೇ ಪಟ್ಟಿಯಲ್ಲಿ ಮೊದಲ ಕಚ್ಚು ಕೇಂದ್ರದಿಂದ 90 ಮಿ.ಮೀ., ಎರಡನೆಯದರಲ್ಲಿ 91.5, ಮೂರನೆಯದರಲ್ಲಿ 93. ಹೀಗೆ ಎಂಟನೆಯದರಲ್ಲಿ 100.5. ಅಲ್ಲಿಂದ ಮತ್ತೆ ಒಂದನೇ ಪಟ್ಟಿಗೆ ಬಂದರೆ 102, ಅದು ಅದೇ ಪಟ್ಟಿಯ ಎರಡನೇ ಕಚ್ಚು.

ಇದನ್ನು ಎರಡು ಥರ ಮಾಡಬಹುದು. ಎಂಟು ಪಟ್ಟಿಗೂ ಬೇರೆ ಬೇರೆ ಗುರುತು ಹಾಕಿ ಕೊರೆಯುವುದು ಒಂದು. ಎಲ್ಲಾ ಪಟ್ಟಿಯನ್ನೂ ಒಂದೇ ಥರ ಕೊರೆದು, ಹಲಗೆಗೆ ಬಿಗಿಯುವಾಗ ಒಂದೊಂದನ್ನೂ 1.5 ಮಿ.ಮೀ. ಹೊರಕ್ಕೆ ಸರಿಸುವುದು ಇನ್ನೊಂದು. ಎರಡನೆಯದೇ ಸರಿ. ಮೊದಲನೆಯದರಲ್ಲಿ ನೂರಕ್ಕೂ ಜಾಸ್ತಿ ಬೇರೆ ಬೇರೆ ಗುರುತು ಬೇಕು. ಎರಡನೆಯದರಲ್ಲಿ ಒಂದು ಮಾದರಿ ಪಟ್ಟಿ ಸಾಕು.

ಮಾದರಿಗೆ 220 ಮಿ.ಮೀ. ಉದ್ದದ ಅಲ್ಯೂಮಿನಿಯಂ ಫ್ಲಾಟ್ ತೆಗೆದುಕೊಳ್ಳಿ. ಉದ್ದಕ್ಕೂ ಒಂದು ಗೆರೆ ಗೀಚಿ. ಒಳತುದಿಯಿಂದ 20 ಮಿ.ಮೀ. ದೂರಕ್ಕೆ ಮೊದಲ ಗುರುತು, ಅಲ್ಲಿಂದ 32, 44, 56 ಅಂತ 176ರವರೆಗೆ ಒಟ್ಟು 14 ಗುರುತು. ಪ್ರತಿ ಗುರುತನ್ನೂ ಅದೇ ತುದಿಯಿಂದ ಅಳೆಯಿರಿ. ಹಿಂದಿನ ಗುರುತಿನಿಂದ 12 ಅಳೆಯುತ್ತಾ ಹೋದರೆ ಸಣ್ಣ ಸಣ್ಣ ತಪ್ಪು ಕೂಡಿಕೊಂಡು ಕೊನೆಗೆ ದೊಡ್ಡದಾಗುತ್ತದೆ. ಸೆಂಟರ್ ಪಂಚ್ ಹೊಡೆದು 3 ಮಿ.ಮೀ. ತೂತು ಹಾಕಿ. 13 ಸುತ್ತಿಗೆ 14 ತೂತು ಯಾಕೆ? ಸುತ್ತು ಶುರುವಾಗುವುದೂ ಮುಗಿಯುವುದೂ ಒಂದನೇ ಪಟ್ಟಿಯಲ್ಲೇ. ಅಲ್ಲಿ ಒಂದು ಕಚ್ಚು ಜಾಸ್ತಿ ಬೇಕು. ಉಳಿದ ಏಳರಲ್ಲಿ ಅದು ಖಾಲಿ ಇರುತ್ತದೆ, ಇದ್ದರೆ ಇರಲಿ.

ಮಾದರಿಯನ್ನು ಬಿಳಿ ಪಟ್ಟಿಗೆ ಕ್ಲಾಂಪ್ ಮಾಡಿ. ತೂತಿನ ಸಾಲು ಪಟ್ಟಿಯ ಮೇಲಂಚಿನಿಂದ ಸರಿಯಾಗಿ 10 ಮಿ.ಮೀ. ಕೆಳಗೆ ಬರಬೇಕು. ಮೊದಲು 3 ಮಿ.ಮೀ. ಬಿಟ್‌ನಿಂದ, ಆಮೇಲೆ ಮಾದರಿ ತೆಗೆದು 6.5 ಮಿ.ಮೀ. ಬಿಟ್‌ನಿಂದ ಕೊರೆಯಿರಿ. ಡ್ರಿಲ್ ಪ್ರೆಸ್ ಇದ್ದರೆ ತೂತು ನೆಟ್ಟಗೆ ಬರುತ್ತದೆ, ವರ್ಕ್‌ಶಾಪ್ ಗೆಳೆಯರು ನೆನಪಾಗಬೇಕಾದ್ದು ಇಲ್ಲೇ. ವೇಗ ಕಡಿಮೆ ಇಡಿ. ಜೋರು ಮಾಡಿದರೆ ಪ್ಲಾಸ್ಟಿಕ್ ಕರಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ, ತೂತು ಕೊಳಕಾಗುತ್ತದೆ.

ಇನ್ನು ಮುಖ್ಯ ಕೊಯ್ತ. ತೂತುಗಳ ನಡುಗೆರೆಯಿಂದ 1.5 ಮಿ.ಮೀ. ಮೇಲೆ, ಅಂದರೆ ಮೇಲಂಚಿನಿಂದ 8.5 ಮಿ.ಮೀ. ಕೆಳಗೆ ಉದ್ದಕ್ಕೂ ಗೆರೆ ಹಾಕಿ ಆ ಮೇಲಿನ ಭಾಗವನ್ನು ಕತ್ತರಿಸಿ ತೆಗೆಯಿರಿ. ಪ್ರತಿ ತೂತೂ ಈಗ ಬಾಯಿ ತೆರೆದ ಕಚ್ಚಾಯಿತು. ಆದರೆ ಬಾಯಿ ಹೊಟ್ಟೆಗಿಂತ ಕಿರಿದು. ಒಳಗೆ 6.5, ಬಾಯಲ್ಲಿ 5.8 ಮಿ.ಮೀ. ಹತ್ತಿರ. ಪೈಪು 6.35. ಹೆಬ್ಬೆರಳಲ್ಲಿ ಒತ್ತಿದರೆ ಅಂಚು ಸ್ವಲ್ಪ ಬಳುಕಿ, ಟಕ್ ಅಂತ ಪೈಪು ಒಳಗೆ ಕೂತು, ಅಂಚು ಮತ್ತೆ ಮುಚ್ಚಿಕೊಳ್ಳುತ್ತದೆ. ಕೇಬಲ್ ಟೈ ಬೇಡ, ಅಂಟು ಬೇಡ. ಮೊದಲು ಒಂದು ಚೂರು ಬೋರ್ಡ್‌ನಲ್ಲಿ ಮೂರು ತೂತು ಕೊರೆದು ನೋಡಿ. ತೀರಾ ಬಿಗಿ ಇದ್ದರೆ ಕೊಯ್ಯುವ ಗೆರೆಯನ್ನು ಒಂದು ಗೀಟು ಕೆಳಗಿಳಿಸಿ. ಸಡಿಲ ಇದ್ದರೆ ಮೇಲೇರಿಸಿ.

ಸುತ್ತು ಸುತ್ತಿನ ನಡುವೆ ಉಳಿಯುವ ಗಾಳಿ 5.6 ಮಿ.ಮೀ. ಕಡಿಮೆಯಾಯಿತು ಅನ್ನಿಸಬಹುದು. 12,700 ವೋಲ್ಟ್ 11 ಸುತ್ತಿಗೆ ಹಂಚಿದರೆ ಸುತ್ತಿಗೆ 1,150 ವೋಲ್ಟ್ ಅಷ್ಟೇ. ಗಾಳಿ ಅದನ್ನು ಸಲೀಸಾಗಿ ತಡೆಯುತ್ತದೆ. ಈ ಅಂತರ ಇಟ್ಟಿರುವುದು ಹೆಚ್ಚಾಗಿ ಕ್ಲಿಪ್ ಹಿಡಿದ ನಿಮ್ಮ ಬೆರಳಿಗೆ. ತೊಂದರೆ ಬರುವುದಾದರೆ ಪಟ್ಟಿಯ ಮೇಲೆ ಕೂತ ಧೂಳಿನಿಂದ ಬರುತ್ತದೆ.

ಹಲಗೆ ಮತ್ತು ಜೋಡಣೆ

ಎರಡು ಅಡಿ ಚದರದ 18 ಮಿ.ಮೀ. ಪ್ಲೈವುಡ್, ನೀರು ತಡೆಯುವ ದರ್ಜೆಯದು. ಎರಡು ಕೋಟ್ ವಾರ್ನಿಷ್ ಹೊಡೆದು ಬಿಸಿಲಿಗೆ ಒಣಗಿಸಿ. ಏಪ್ರಿಲ್‌ನ ಕೋಲಾರದ ಬಿಸಿಲಿದ್ದರೆ ಒಂದು ದಿನ ಸಾಕು.

ಮೂಲೆಯಿಂದ ಮೂಲೆಗೆ ಗೆರೆ ಎಳೆದು ಕೇಂದ್ರ ಹುಡುಕಿ. ಎಂಟು ದಿಕ್ಕಿಗೆ 45 ಡಿಗ್ರಿಗೊಂದು ಗೆರೆ. ಒಂದೊಂದು ಗೆರೆಯ ಮೇಲೂ ಪಟ್ಟಿಯ ಒಳತುದಿ ಎಲ್ಲಿ ಕೂರಬೇಕು ಅಂತ ಗುರುತು ಮಾಡಿ. ಕೇಂದ್ರದಿಂದ ಕ್ರಮವಾಗಿ 70, 71.5, 73, 74.5, 76, 77.5, 79, 80.5 ಮಿ.ಮೀ. ಗೆರೆಗೂ ಪಟ್ಟಿಗೂ ಒಂದರಿಂದ ಎಂಟರವರೆಗೆ ನಂಬರ್ ಬರೆಯಿರಿ. ಪೆನ್ಸಿಲ್ ಬೇಡ, ಅಳಿಸದ ಮಾರ್ಕರ್ ಇರಲಿ. ಈ ನಂಬರ್ ಟ್ಯೂನಿಂಗ್ ದಿನ ಕೆಲಸಕ್ಕೆ ಬರುತ್ತದೆ.

ಪಾಲಿಎಥಿಲಿನ್‌ಗೆ ಫೆವಿಕಾಲ್ ಆಗಲಿ ಅರಾಲ್ಡೈಟ್ ಆಗಲಿ ಹಿಡಿಯುವುದಿಲ್ಲ. ಸ್ಕ್ರೂ ಒಂದೇ ದಾರಿ. ಹಲಗೆಯ ಕೆಳಗಿನಿಂದ ಪಟ್ಟಿಗೆ ಎರಡೆರಡು ಹಿತ್ತಾಳೆ ಸ್ಕ್ರೂ ಹಾಕಿ. ಮೊದಲು ಸಣ್ಣ ತೂತು ಕೊರೆದಿದ್ದರೆ ಪಟ್ಟಿ ಉಬ್ಬುವುದಿಲ್ಲ. ಸ್ಕ್ರೂ ತುದಿ ಕಚ್ಚಿನ ತಳಕ್ಕಿಂತ ಕನಿಷ್ಠ 15 ಮಿ.ಮೀ. ಕೆಳಗೇ ನಿಲ್ಲಬೇಕು. ಪ್ರೈಮರಿಯ ಕೆಳಗೆ ಕಬ್ಬಿಣದ ಬ್ರ್ಯಾಕೆಟ್, ಆಂಗಲ್ ಫ್ರೇಮ್, ಉಂಗುರದ ಥರ ಮುಚ್ಚಿದ ಯಾವ ಲೋಹವೂ ಇರಬಾರದು. ಅದು ಶಾರ್ಟ್ ಆದ ಸುತ್ತಿನಂತೆ ಶಕ್ತಿ ಕುಡಿದು ಬಿಸಿಯಾಗುತ್ತದೆ.

ಸುತ್ತುವುದು

ಇಬ್ಬರಿರಬೇಕು. ಒಬ್ಬರು ರೋಲ್ ಬಿಚ್ಚುವುದು, ಒಬ್ಬರು ಕೂರಿಸುವುದು. ಹಲಗೆಯನ್ನು ತಿರುಗುವ ಸ್ಟೂಲ್ ಮೇಲಿಟ್ಟರೆ ರೋಲ್ ಹಿಡಿದವರು ಪ್ರದಕ್ಷಿಣೆ ಹಾಕಬೇಕಾಗಿಲ್ಲ. ಪೈಪಿನ ತುದಿಗಳಿಗೆ ಟೇಪ್ ಅಂಟಿಸಿ, ಒಳಗೆ ಧೂಳು ಹೋಗದಿರಲಿ.

ಒಳತುದಿಯ 8 ಸೆಂ.ಮೀ. ಭಾಗವನ್ನು ಮೊದಲೇ ಕೆಳಕ್ಕೆ ಬಗ್ಗಿಸಿ. ಒಂದನೇ ಪಟ್ಟಿಯ ಪಕ್ಕದಲ್ಲಿ ಹಲಗೆಗೆ 10 ಮಿ.ಮೀ. ತೂತು ಕೊರೆದು ಆ ತುದಿಯನ್ನು ಇಳಿಸಬೇಕು. ಇಷ್ಟು ಚಿಕ್ಕ ತಿರುವಿನಲ್ಲಿ ಪೈಪು ಚಪ್ಪಟೆಯಾಗದಿರಲು ಎಸಿ ಮೆಕ್ಯಾನಿಕ್‌ಗಳ ಬೆಂಡಿಂಗ್ ಸ್ಪ್ರಿಂಗ್ ತೊಡಿಸಿ. ಸ್ಪ್ರಿಂಗ್ ಇಲ್ಲದಿದ್ದರೆ ಒಣ ನುಣುಪು ಮರಳು ತುಂಬಿ ಬಗ್ಗಿಸಿ.

ಮೊದಲ ಸುತ್ತೇ ಕಷ್ಟ. ತ್ರಿಜ್ಯ ಬರೀ 9 ಸೆಂ.ಮೀ. 16 ಸೆಂ.ಮೀ. ಅಗಲದ ಗಟ್ಟಿ ಸ್ಟೀಲ್ ಡಬ್ಬಿಗೆ ಒಂದೂವರೆ ಸುತ್ತು ಸುತ್ತಿ ಬಿಟ್ಟರೆ ಪೈಪು ಸ್ವಲ್ಪ ಬಿಚ್ಚಿಕೊಂಡು ಬೇಕಾದ ಅಳತೆಗೆ ಬರುತ್ತದೆ. ಆಮೇಲೆ ಒಂದನೇ ಪಟ್ಟಿಯ ಮೊದಲ ಕಚ್ಚಿನಲ್ಲಿ ಒತ್ತಿ, ಎರಡು, ಮೂರು ಅಂತ ಮುಂದುವರಿಯಿರಿ. ರೋಲ್ ಅನ್ನು ನಿಲ್ಲಿಸಿ ಉರುಳಿಸುತ್ತಾ ಬಿಚ್ಚಬೇಕು. ಪಕ್ಕಕ್ಕೆ ಎಳೆದರೆ ಪೈಪಿಗೆ ತಿರುಚು ಬಿದ್ದು ಕಚ್ಚಿನಿಂದ ಎದ್ದೇಳುತ್ತಿರುತ್ತದೆ. ಒಮ್ಮೆಗೆ ಎರಡು ಪಟ್ಟಿಯ ದೂರ ಮಾತ್ರ ಬಿಚ್ಚಿ. ಬೆರಳು ಸೋತರೆ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ನಾಲ್ಕನೇ ಸುತ್ತು ದಾಟಿದ ಮೇಲೆ ಕೆಲಸ ಸರಾಗ. ರೋಲ್‌ಗೆ ಇರುವ ಬಾಗು ಮತ್ತು ನಮಗೆ ಬೇಕಾದ ಬಾಗು ಹತ್ತಿರ ಬರುತ್ತವೆ.

ಎಡಕ್ಕೆ ಸುತ್ತಬೇಕೋ ಬಲಕ್ಕೋ ಅಂತ ತುಂಬಾ ಜನ ಕೇಳುತ್ತಾರೆ. ಯಾವ ಕಡೆಯಾದರೂ ಸರಿ, ಸೆಕೆಂಡರಿಯ ದಿಕ್ಕಿಗೂ ಇದಕ್ಕೂ ಹೊಂದಬೇಕಾಗಿಲ್ಲ. ನಂಬರ್ ಏರುವ ದಿಕ್ಕಿಗೆ ಸುತ್ತಿದರೆ ಆಯಿತು.

ಹೊರತುದಿಯನ್ನು ಕತ್ತರಿಸಿದ ಹಾಗೇ ಬಿಡಬೇಡಿ. ಚೂಪು ಅಂಚಿನಿಂದ ಕೊರೋನಾ, ಅಂದರೆ ಗಾಳಿಗೆ ಹರಿಯುವ ವಿದ್ಯುತ್, ಸೋರುತ್ತದೆ. ಚಪ್ಪಟೆ ಮಾಡಿ, ಒಳಕ್ಕೆ ಮಡಚಿ, ಅರದಲ್ಲಿ ಉಜ್ಜಿ ನುಣುಪಾಗಿಸಿ. ಕೊನೆಗೆ ತಾಮ್ರವನ್ನೆಲ್ಲ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಎರಡು ಮೂರು ಸಲ ಒರೆಸಿ, ಪೂರ್ತಿ ಒಣಗಿಸಿ. ಉಪ್ಪಿನ ಅಂಶ ಪಟ್ಟಿಯ ಮೇಲೆ ಉಳಿದರೆ ಕಿಡಿಗೆ ನಾವೇ ದಾರಿ ಹಾಕಿಕೊಟ್ಟ ಹಾಗೆ.

ಸ್ಟ್ರೈಕ್ ರಿಂಗ್

ಮೇಲಿನ ಮಿಂಚು ಒಮ್ಮೊಮ್ಮೆ ಕೆಳಕ್ಕೆ ಬಾಗಿ ಪ್ರೈಮರಿಗೆ ಬಡಿಯುತ್ತದೆ. ಬಡಿದರೆ ಕೆಪಾಸಿಟರ್‌ಗೂ ಟ್ರಾನ್ಸ್‌ಫಾರ್ಮರ್‌ಗೂ ಅಪಾಯ. ಅದನ್ನು ತಡೆಯಲು ಹೊರಸುತ್ತಿನಿಂದ ಮೂರು ಸೆಂ.ಮೀ. ಆಚೆ, 28 ಸೆಂ.ಮೀ. ತ್ರಿಜ್ಯದಲ್ಲಿ, ಪ್ರೈಮರಿಗಿಂತ 3-4 ಸೆಂ.ಮೀ. ಎತ್ತರದಲ್ಲಿ ಇನ್ನೊಂದು ಪೈಪಿನ ಬಳೆ ಕೂರಿಸಿ. ಪಟ್ಟಿಗಳ ಹೊರತುದಿಗೆ ಅದೇ ಬಿಳಿ ಪ್ಲಾಸ್ಟಿಕ್ಕಿನ ಸಣ್ಣ ಕಂಬ ನಿಲ್ಲಿಸಿದರೆ ಸಾಕು. ಬಳೆ ಪೂರ್ತಿ ಮುಚ್ಚಬಾರದು, 4 ಸೆಂ.ಮೀ. ಬಾಯಿ ಬಿಡಿ. ಮುಚ್ಚಿದರೆ ಅದೂ ಶಾರ್ಟ್ ಆದ ಸುತ್ತೇ.

ಈ ಬಳೆಯನ್ನು ಸೆಕೆಂಡರಿಯ ತಳ ಸೇರುವ ಅರ್ತ್‌ಗೇ ಸೇರಿಸಿ. ಆ ಅರ್ತ್ ಮನೆಯ ವೈರಿಂಗ್‌ನದ್ದಾಗಬಾರದು. ಬೇರೆ ರಾಡ್ ಹೊಡೆಯಬೇಕು. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲಿನ ಹಾಗಿರುತ್ತದೆ, ರಾಡ್ ಸುತ್ತ ಗುಂಡಿ ಮಾಡಿ ಹಿಂದಿನ ದಿನವೇ ನೀರು ಬಿಟ್ಟಿರಿ. ಬೋರ್‌ವೆಲ್ ಕೇಸಿಂಗ್ ಕಂಡ ತಕ್ಷಣ ಒಳ್ಳೆ ಅರ್ತ್ ಅಂತ ಕಣ್ಣು ಹಾಕುವವರುಂಟು. ಮೋಟರ್, ಸ್ಟಾರ್ಟರ್, ಪೈಪು ಮುಟ್ಟುವ ಜನ ಎಲ್ಲ ಅದಕ್ಕೆ ಸೇರಿಕೊಂಡಿರುತ್ತಾರೆ. ಬೇಡ.

ಟ್ಯಾಪ್

6.3 ಮಿ.ಮೀ. ಗಾಜಿನ ಫ್ಯೂಸ್ ಹಿಡಿಯುವ ಸ್ಪ್ರಿಂಗ್ ಕ್ಲಿಪ್ ಕಾಲು ಇಂಚಿನ ಪೈಪಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಎರಡು ಕ್ಲಿಪ್ ಜೋಡಿಸಿ ಬೆಸುಗೆ ಹಾಕಿದರೆ ಹಿಡಿತ ಇನ್ನೂ ಚೆನ್ನ. ಮೊಸಳೆ ಕ್ಲಿಪ್‌ನ ಹಲ್ಲು ಎರಡು ಮೂರು ಬಿಂದುವಿನಲ್ಲಿ ಮಾತ್ರ ತಾಗುತ್ತದೆ, ಅಲ್ಲೇ ಕಿಡಿಯಾಗಿ ತಾಮ್ರ ಸುಡುತ್ತದೆ.

ಕ್ಲಿಪ್‌ಗೆ ಮೆದುವಾದ ದಪ್ಪ ವೈರು, ವೆಲ್ಡಿಂಗ್ ಕೇಬಲ್ ಆದರೆ ಉತ್ತಮ. ಉದ್ದ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಒಂದು ಮೀಟರ್ ವೈರು ಸುಮಾರು ಒಂದು ಮೈಕ್ರೊಹೆನ್ರಿ ಸೇರಿಸುತ್ತದೆ, ಅದರಿಂದ ಸೆಕೆಂಡರಿಗೆ ಏನೂ ಸಿಗುವುದಿಲ್ಲ. ವೈರು ಹೊರಗಡೆಯಿಂದ ಬರಲಿ, ಸುತ್ತುಗಳ ಮೇಲೆ ಅಡ್ಡ ಹಾಯಬಾರದು. ಒಳತುದಿಯನ್ನು ಹಲಗೆಯ ಕೆಳಗೆ ಚಪ್ಪಟೆ ಮಾಡಿ, ತೂತು ಕೊರೆದು, ಹಿತ್ತಾಳೆ ಬೋಲ್ಟ್ ಮತ್ತು ಲಗ್ ಹಾಕಿ ಬಿಗಿಯಿರಿ.

ಟ್ಯೂನಿಂಗ್ ಮತ್ತು ಸೆಕೆಂಡರಿಯ ಎತ್ತರ

ಕೈಯಲ್ಲಿ ಇಂಡಕ್ಟನ್ಸ್ ಅಳೆಯುವ ಎಲ್‌ಸಿಆರ್ ಮೀಟರ್ ಇದ್ದರೆ ಹನ್ನೊಂದನೇ ಸುತ್ತಿಗೆ ಅಳೆದು ನೋಡಿ. 43ರ ಹತ್ತಿರ ಬಂದರೆ ಪಟ್ಟಿಯ ಕೆಲಸ ಸರಿಯಾಗಿದೆ.

ಮೊದಲ ಟ್ಯಾಪ್ ಹನ್ನೊಂದನೇ ಸುತ್ತಿಗೆ. ಡಿಮ್ಮರ್‌ಸ್ಟ್ಯಾಟ್‌ನಲ್ಲಿ (ಮೇನ್ಸ್ ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರ್) ವೋಲ್ಟೇಜ್ ಕಡಿಮೆ ಇಟ್ಟು ಚಾಲೂ ಮಾಡಿ, ಮಿಂಚು ಎಷ್ಟು ಉದ್ದ ಬರುತ್ತದೆ ದೂರದಿಂದ ನೋಡಿ. ಆಫ್, ಪ್ಲಗ್, ಶಾರ್ಟಿಂಗ್ ಕೋಲು. ಟ್ಯಾಪ್ ಅನ್ನು ಅರ್ಧ ಸುತ್ತು ಹೊರಕ್ಕೆ ಸರಿಸಿ, ಮತ್ತೆ ನೋಡಿ. ಈ ಜಾಗದಲ್ಲಿ ಅರ್ಧ ಸುತ್ತಿಗೆ ಫ್ರೀಕ್ವೆನ್ಸಿ ಸುಮಾರು ಶೇಕಡಾ 5 ಇಳಿಯುತ್ತದೆ. ಉದ್ದ ಜಾಸ್ತಿಯಾಗುತ್ತಿದ್ದರೆ ಹೊರಕ್ಕೆ ಹೋಗುತ್ತಿರಿ, ಕಡಿಮೆಯಾದ ತಕ್ಷಣ ಹಿಂದಕ್ಕೆ ಬನ್ನಿ. ಆಮೇಲೆ ಒಂದೊಂದೇ ಪಟ್ಟಿಯ ದೂರ ಸರಿಸಿ. ಅದು ಶೇಕಡಾ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಪಟ್ಟಿಗೆ ನಂಬರ್ ಹಾಕಿದ್ದು ಈಗ ಉಪಯೋಗಕ್ಕೆ ಬಂತು. "ಹನ್ನೊಂದು ಸುತ್ತು, ಐದನೇ ಪಟ್ಟಿ" ಅಂತ ಪುಸ್ತಕದಲ್ಲಿ ಬರೆದಿಟ್ಟರೆ ಆರು ತಿಂಗಳು ಬಿಟ್ಟು ಜೋಡಿಸಿದರೂ ಅದೇ ಜಾಗ ಸಿಗುತ್ತದೆ.

ಸೆಕೆಂಡರಿಯ ಮೈಮೇಲೆ ಸಣ್ಣ ಕಿಡಿಗಳು ಓಡಾಡಿದರೆ ಕೂಡಲೇ ನಿಲ್ಲಿಸಿ. ಕಪ್ಲಿಂಗ್ ಜಾಸ್ತಿಯಾಗಿದೆ ಅಂತ ಅರ್ಥ, ಹಾಗೇ ಬಿಟ್ಟರೆ ಎನಾಮಲ್ ಸುಟ್ಟುಹೋಗುತ್ತದೆ. ನಮ್ಮ ಪ್ರೈಮರಿಯ ಮಟ್ಟ ಹಲಗೆಯಿಂದ 35 ಮಿ.ಮೀ. ಮೇಲಿದೆ. ಸೆಕೆಂಡರಿಯ ಕೆಳಗಿನ ಸುತ್ತು ಆ ಮಟ್ಟಕ್ಕೆ ಅಥವಾ ಒಂದು ಸೆಂ.ಮೀ. ಮೇಲೆ ಶುರುವಾಗಬೇಕು. ಅದಕ್ಕೇ ಪಿವಿಸಿ ಪೈಪಿನ ಬುಡದಲ್ಲಿ 4-5 ಸೆಂ.ಮೀ. ಖಾಲಿ ಬಿಡುವುದು. ಆದರೂ ಕಿಡಿ ಓಡಿದರೆ ಸೆಕೆಂಡರಿಯ ಕೆಳಗೆ 5 ಮಿ.ಮೀ. ಪ್ಲಾಸ್ಟಿಕ್ ಬಿಲ್ಲೆ ಒಂದೊಂದೇ ಸೇರಿಸಿ ಎತ್ತರಿಸುತ್ತಾ ಹೋಗಿ. ಕಿಡಿ ನಿಂತ ಎತ್ತರವೇ ನಿಮ್ಮ ಎತ್ತರ. ಅಲ್ಲಿಗೆ ಟ್ಯಾಪ್ ಇನ್ನೊಮ್ಮೆ ನೋಡಿಕೊಳ್ಳಿ.

ಪಕ್ಕದ ಮನೆಯ ಟಿವಿ, ಮೊಬೈಲ್ ಚಾರ್ಜರ್, ನಿಮ್ಮದೇ ಲ್ಯಾಪ್‌ಟಾಪ್ ಎಲ್ಲ ದೂರ ಇರಲಿ. ಪರೀಕ್ಷೆ ಮಾಡಲು ಟೊಮೆಟೊ ಕ್ರೇಟ್ ಎರಡು ಬೋರಲು ಹಾಕಿ ಅದರ ಮೇಲೆ ಹಲಗೆ ಇಟ್ಟರೆ ಒಳ್ಳೆಯ ಸ್ಟ್ಯಾಂಡ್. ನಮ್ಮ ಕಡೆ ಅದಕ್ಕಂತೂ ಕೊರತೆಯಿಲ್ಲ. ಹಗುರ, ಪ್ಲಾಸ್ಟಿಕ್, ಕೆಳಗೆ ಕೆಪಾಸಿಟರ್ ಜೋಡಿಸಲು ಜಾಗವೂ ಸಿಗುತ್ತದೆ.

ಬಳಸದಿರುವಾಗ ಪ್ರೈಮರಿಗೆ ಬಟ್ಟೆ ಮುಚ್ಚಿಡಿ. ಪ್ರತಿ ಸಲ ಚಾಲೂ ಮಾಡುವ ಮುಂಚೆ ಪ್ಲಗ್ ಕಿತ್ತಿರುವುದು ಖಾತ್ರಿ ಮಾಡಿಕೊಂಡು, ಕೋಲಿನಿಂದ ಶಾರ್ಟ್ ಮಾಡಿ, ಒಣ ಬ್ರಷ್‌ನಲ್ಲಿ ಪಟ್ಟಿಗಳ ಧೂಳು ತೆಗೆಯಿರಿ. ಎರಡು ಕಚ್ಚಿನ ನಡುವೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಕಾರ್ಬನ್ ದಾರಿ. ತೆಳ್ಳಗಿದ್ದರೆ ಬ್ಲೇಡ್‌ನಲ್ಲಿ ಬಿಳಿ ಪ್ಲಾಸ್ಟಿಕ್ ಕಾಣುವವರೆಗೆ ಕೆರೆದು ತೆಗೆಯಿರಿ. ಆಳಕ್ಕೆ ಇಳಿದಿದ್ದರೆ ಕೆರೆದು ಪ್ರಯೋಜನವಿಲ್ಲ. ಪೈಪನ್ನು ಆ ಪಟ್ಟಿಯ ಕಚ್ಚುಗಳಿಂದ ಬಿಡಿಸಿ, ಎರಡು ಸ್ಕ್ರೂ ತೆಗೆದು, ಅದೇ ಮಾದರಿಯಿಂದ ಕೊರೆದ ಹೊಸ ಪಟ್ಟಿ ಅದೇ ಗುರುತಿನ ಮೇಲೆ ಹಾಕಿ. ಬೋರ್ಡ್ ಮಿಕ್ಕಿದ್ದರೆ ಒಂಬತ್ತನೇ ಪಟ್ಟಿಯನ್ನೂ ಮೊದಲ ದಿನವೇ ಕೊರೆದು ಇಟ್ಟುಕೊಳ್ಳಿ.